ಸಂದರ್ಶನಕ್ಕೆ ಅಂಜಬೇಡಿ

ಕನ್ನಡ ಶಾಲೆಯಲ್ಲಿ ಕಲಿತೆವೆಂಬ ಅಳುಕಿನಿಂದ ನೌಕರಿಗೆ ಅರ್ಜಿಯನ್ನೇ ಹಾಕದೆ ಉಳಿದ ಜಾಣ ಮಕ್ಕಳನ್ನು ನಾನು ಕಂಡಿದ್ದೇನೆ. ಈ ಅಳುಕು ನಿರಾಧಾರವಾದುದು. ಕೇಂದ್ರ ಸರಕಾರದ ‘ಸಿ’ ದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ ಸಂದರ್ಶನಕ್ಕೆ 275 ಮಾತ್ರ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನದಲ್ಲಿಯೂ ಕನ್ನಡದಲ್ಲಿಯೇ ಉತ್ತರಿಸಬಹುದು. ಮಹಾರಾಷ್ಟ್ರ ಸರಕಾರದ ನೌಕರಿಗೆ ಮರಾಠಿ ಬೇಕು. ಅದನ್ನೂ ಆದರದಿಂದ ಕಲಿಯಿರಿ.

ಹೋಗುವ ಮುನ್ನ ನಿಮ್ಮ ಅರ್ಜಿಯನ್ನು ಮತ್ತೊಮ್ಮೆ ಓದಿರಿ; ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ಊರಿನ ಪರಿಚಯ ಕೇಳಿದರೆ, ಅಂಬೋಲಿಯಲ್ಲಿ ಹುಟ್ಟಿ ಗಡಹಿಂಗ್ಲಜವನ್ನು ದಾಟಿ ಘಟಪ್ರಭೆಯನ್ನು ಸೇರುವ ಹಿರಣ್ಯಕೇಶಿಯಿಂದಲೇ ಆರಂಭಿಸಬಹುದು. ತಿಳಿಯದುದನ್ನು ತಿಳಿಯದೆಂದು ವಿನಯದಿಂದ ಹೇಳಿರಿ. ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ಕಿರಿಯರನ್ನು ಎದುರಿಗೆ ಕೂಡಿಸಿಕೊಂಡು ಪ್ರಶ್ನೆ ಕೇಳಲಿ. ಶಾಲೆಯ ಋಣ ತೀರಿಸಲು ಇದೂ ಒಂದು ದಾರಿ.