ವಿಹಾರನೌಕೆ ಹಿಂತಿರುಗಿದ ದಿನ

ಜಾತ್ರೆಯ ದಿನ ತೇರು ಬೀದಿಯ ನಡುವೆ ನಿಂತುಹೋದರೆ ಯಾರ ಯಾರ ಮುಖ ಬಾಡುವುದೆಂಬುದನ್ನು ಹಳ್ಳಿಯ ಸಂಬಂಧವುಳ್ಳ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಊರಿನ ಎರಡು ಪಕ್ಷಗಳವರಲ್ಲಿ ಯಾವುದೋ ಹಳೆಯ ವ್ಯಾಜ್ಯ. ಅದು ತೀರದೆ, ತೇರಿನ ಹಗ್ಗವನ್ನು ಮುಟ್ಟೆವೆಂದು ಒಂದು ಪಕ್ಷದವರು ಕೈಕಟ್ಟಿ ನಿಲ್ಲುವರು. ವ್ಯಾಜ್ಯದ ಮೂಲ ಹೊಲದ ನೀರಾಗಿರಬಹುದು, ಕೆರೆಯ ಏರಿಯಾಗಿರಬಹುದು. ತೇರಿಗೂ ಅದಕ್ಕೂ ಏನೇನೂ ಸಂಬಂಧವಿರುವುದಿಲ್ಲ. ಆದರೂ ಅವರು ತೇರನ್ನೇ ನಿಲ್ಲಿಸುವರು. ಏಕೆಂದರೆ ಉಳಿದ ದಿನಗಳಲ್ಲಿ ಅವರ ಮಾತಿಗೆ ಕಿವಿಗೊಡದ ದೊಡ್ಡವರೆಲ್ಲರೂ ಆ ಒಂದು ದಿನ ಅಲ್ಲಿಗೆ ಬಂದು ಕುಳಿತಿರುವರು. ಬಳೆಗಾರನೂ ಮಂಡಕ್ಕಿ ಮಾರುವ ಮುದುಕಿಯೂ ಮಾತ್ರ ಯಾವ ಪಕ್ಷಕ್ಕೂ ಸೇರದವರಾಗಿ, ಸಂಜೆಯವರೆಗೆ ಅಂಗಡಿ ಹರಡಿಕೊಂಡು ಕುಳಿತು, ಬರಿಗೈಯಲ್ಲಿ ಗಂಟು ಕಟ್ಟಿಕೊಂಡು ಹೋಗುವರು.

ಇಂತಹುದೇ ಸಂಗತಿಯೊಂದು 2016ರ ಜನವರಿ ತಿಂಗಳ ಮೂರನೆಯ ವಾರದಲ್ಲಿ, ನಮ್ಮಿಂದ ಭೂಗೋಲದ ಅರ್ಧ ಸುತ್ತಿನಷ್ಟು ದೂರದಲ್ಲಿರುವ ಹೈಟಿ ದೇಶದ ಉತ್ತರ ಕರಾವಳಿಯಲ್ಲಿ ನಡೆಯಿತು. ಅಲ್ಲಿ ನಿಂತದ್ದು ತೇರಲ್ಲ, ವಿಹಾರನೌಕೆ. ಅದರ ಹೆಸರು ‘ಫ್ರೀಡಂ ಆಫ್ ದಿ ಸೀಸ್’, ಎಂದರೆ ಸಮುದ್ರಗಳ ಸ್ವಾತಂತ್ರ್ಯ. 2006ರಲ್ಲಿ ಅದು ಮೊದಲ ಯಾತ್ರೆಗೆ ಹೊರಟಾಗ ಜಗತ್ತಿನ ಪ್ರಯಾಣಿಕರ ಹಡಗುಗಳಲ್ಲೆಲ್ಲ ಅತಿ ದೊಡ್ಡದೆನಿಸಿತ್ತು. ಉದ್ದ 339 ಮೀಟರು. ಗಾತ್ರದ ಲೆಕ್ಕ ಒಂದೂವರೆ ಲಕ್ಷ ಟನ್ನಿಗೂ ಮೇಲು. ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಒಮ್ಮೆಗೇ ಹೊತ್ತು ಸಾಗಬಲ್ಲದು. ಇಷ್ಟು ದೊಡ್ಡ ಪ್ರಾಣಿಯು ಲಾಬಡಿ ಎಂಬ ರೇವಿಗೆ ಬರುವ ವೇಳೆಗೆ, ಚಿಕ್ಕ ಚಿಕ್ಕ ದೋಣಿಗಳಲ್ಲಿ ಕುಳಿತ ಕೆಲವು ಜನ ಪ್ರತಿಭಟನಕಾರರು ಎದುರಾದರು. ದೋಣಿಯ ಮೇಲೆ ಹಡಗನ್ನು ಹಾಯಿಸುವ ಕಪ್ತಾನನುಂಟೆ? ಪ್ರಯಾಣಿಕರನ್ನು ಇಳಿಸಲಾಗದೆ ಹಡಗು ಬಂದ ದಾರಿಗೆ ಮೊಗದಿರುಗಿಸಿತು. ಸ್ನಾನದ ಉಡುಪು ತೊಟ್ಟು ಮೇಲ್ಮಾಳಿಗೆಯಲ್ಲಿ ಸಿದ್ಧರಾಗಿದ್ದವರಿಗೆ ಒಂದು ದಿನದ ಸಮುದ್ರಸ್ನಾನ ತಪ್ಪಿತು. ಅವರಿಗೆ ಆದ ನಷ್ಟ ಇಷ್ಟೇ. ಆದರೆ ಆ ದೋಣಿಗಳಲ್ಲಿದ್ದವರಿಗೆ ಬೇಕಾಗಿದ್ದುದೇನು, ದಡದಲ್ಲಿ ಕಾದವರು ಕಳೆದುಕೊಂಡುದೇನು ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ದಡದ ವೃತ್ತಾಂತವನ್ನೇ ಸ್ವಲ್ಪ ಕೇಳಬೇಕು.

ಹೈಟಿಯು ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ಪಡುವಣ ಮೂರನೆಯ ಒಂದು ಪಾಲು. ಸುಮಾರು 27,700 ಚದರ ಕಿಲೋಮೀಟರಿನ ಆ ನಾಡಿನಲ್ಲಿ ಒಂದು ಕೋಟಿಗೂ ಮೇಲ್ಪಟ್ಟು ಜನರಿದ್ದಾರೆ. ಬೆಟ್ಟಗಳೇ ಹೆಚ್ಚಾದ ನಾಡು. ಬೆಟ್ಟದ ಹಿಂದೆ ಮತ್ತೊಂದು ಬೆಟ್ಟವೆಂದು ಅಲ್ಲಿಯ ಜನರೇ ಗಾದೆ ಕಟ್ಟಿರುವರು. ಒಂದು ಕಷ್ಟ ದಾಟಿದರೆ ಇನ್ನೊಂದು ಕಾದಿರುವುದೆಂಬ ಅರ್ಥದಲ್ಲಿಯೂ ಆ ಮಾತನ್ನು ಆಡುವುದುಂಟು. ಉತ್ತರದ ಕ್ಯಾಪ್ ಹೈಟಿಯನ್ ಪಟ್ಟಣದಿಂದ ಅನತಿದೂರದಲ್ಲಿ, ಕಾಡು ಬೆಟ್ಟಗಳು ನೇರವಾಗಿ ಸಮುದ್ರಕ್ಕೆ ಇಳಿಯುವ ಒಂದು ಚಾಚುಭೂಮಿಯುಂಟು. ಅದನ್ನು ರಾಯಲ್ ಕೆರಿಬಿಯನ್ ಎಂಬ ಅಮೆರಿಕದ ನೌಕಾಸಂಸ್ಥೆಯು ಸರಕಾರದಿಂದ ಗುತ್ತಿಗೆಗೆ ಹಿಡಿದು, 1986ರಿಂದ ತನ್ನ ಹಡಗುಗಳನ್ನು ಅಲ್ಲಿಗೆ ತರಲಾರಂಭಿಸಿತು. ಗುತ್ತಿಗೆಯು ಆಮೇಲೆ 2050ರ ವರೆಗೆ ಮುಂದುವರಿದಿದೆ. ಹತ್ತಿರದ ಹಳ್ಳಿಯ ಹೆಸರು ಲಾಬಡೀ. ಆಂಗ್ಲ ನಾಲಗೆಗೆ ಒಗ್ಗಲೆಂದು ಸಂಸ್ಥೆಯು ಕೊನೆಯ ಅಕ್ಷರಗಳನ್ನು ತಿದ್ದಿ ಆ ಹೆಸರನ್ನೇ ತನ್ನ ವಿಹಾರಸ್ಥಳಕ್ಕೆ ಇಟ್ಟುಕೊಂಡಿತು.

ಜಾಹೀರಾತಿನ ಜಾಣತನವನ್ನು ಇಲ್ಲಿ ಹೇಳದೆ ಬಿಡಲಾರೆ. ಬಹುಕಾಲದವರೆಗೆ ಈ ಸ್ಥಳವನ್ನು ‘ಹಿಸ್ಪಾನಿಯೋಲ’ವೆಂದೋ, ಸಂಸ್ಥೆಯ ಸ್ವಂತದ ‘ದ್ವೀಪ’ವೆಂದೋ ಬಣ್ಣಿಸುತ್ತಿದ್ದರಲ್ಲದೆ ‘ಹೈಟಿ’ ಎಂಬ ಹೆಸರನ್ನು ಆದಷ್ಟು ಮುಚ್ಚಿಡುತ್ತಿದ್ದರು. ಬಡತನದ ಹೆಸರು ಕೇಳಿ ಗಿರಾಕಿಗಳು ಹೆದರಿಯಾರೆಂಬ ಶಂಕೆ! ಹೀಗಾಗಿ ತಾವು ಕಾಲಿಟ್ಟುದು ಯಾವ ದೇಶದಲ್ಲೆಂಬುದನ್ನು ತಿಳಿಯದೆಯೇ ಒಂದು ದಿನ ಕಳೆದು ಹಿಂತಿರುಗಿದ ಪ್ರಯಾಣಿಕರೂ ಇದ್ದರು. ವಿಹಾರಸ್ಥಳಕ್ಕೂ ಊರಿಗೂ ನಡುವೆ ಎತ್ತರದ ಬೇಲಿ, ಬೇಲಿಗೆ ಕಾವಲುಗಾರರು. ಊಟವು ಹಡಗಿನಿಂದಲೇ ಇಳಿದು ಬರುವುದು. ಸಾಮಾನ್ಯ ಪ್ರಯಾಣಿಕನು ಬೇಲಿಯಾಚೆ ಹೋಗುವಂತಿಲ್ಲ. ಊರವನು, ಕೆಲಸವೋ ಅಂಗಡಿಯೋ ಇಲ್ಲದೆ, ಒಳಗೆ ಬರುವಂತಿಲ್ಲ. ಅಲ್ಲಿಂದ ಬಹುದೂರವಲ್ಲದ ಮಿಲೋ ಎಂಬ ಊರಿನ ಮೇಲಣ ಬೆಟ್ಟದ ನೆತ್ತಿಯಲ್ಲಿ, ಸ್ವತಂತ್ರ ಹೈಟಿಯ ಅರಸ ಆನ್ರಿ ಕ್ರಿಸ್ತಾಫನು ಕಟ್ಟಿಸಿದ ಮಹಾದುರ್ಗವೊಂದಿದೆ. ಅದರ ಬುಡದಲ್ಲಿ ಅವನ ಅರಮನೆಯ ಭಗ್ನಾವಶೇಷವಿದೆ. 1982ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ್ನು ವಿಶ್ವದ ಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿಸಿತು. ಗುಲಾಮರಾಗಿ ತಂದ ಜನರ ಮಕ್ಕಳು ತಮ್ಮ ಸ್ವಾತಂತ್ರ್ಯವನ್ನು ಕಾಯಲು ಕಟ್ಟಿದ ಕೋಟೆ! ವರ್ಷವರ್ಷವೂ ಲಕ್ಷಾಂತರ ಜನ ಆ ದಡಕ್ಕೆ ಬಂದು, ಅದರ ಹೆಸರನ್ನೂ ಕೇಳದೆ, ಮರಳಿನಲ್ಲಿ ಮಲಗಿ ಎದ್ದು ಹೋದರು.

ಹಣದ ಮಾತಿಗೆ ಬರೋಣ. 2010ರ ಸುಮಾರಿನ ಲೆಕ್ಕದಂತೆ ಸಂಸ್ಥೆಯು ಇಳಿದ ಪ್ರತಿಯೊಬ್ಬ ಪ್ರಯಾಣಿಕನ ತಲೆಗೆ ಆರು ಡಾಲರುಗಳಂತೆ ಹೈಟಿಯ ಸರಕಾರಕ್ಕೆ ಕೊಡುತ್ತಿತ್ತು. ನಾಲ್ಕು ಸಾವಿರ ಜನ ಇಳಿದರೆ ಒಂದು ಹಗಲಿಗೆ 24,000 ಡಾಲರು. ಸುಮಾರು 230 ಮಂದಿ ಸ್ಥಳೀಯರಿಗೆ ಸಂಬಳದ ಕೆಲಸವಿತ್ತು. ಮರದ ಕೆತ್ತನೆ, ಬಣ್ಣದ ಚಿತ್ರ, ಮಣಿಸರಗಳನ್ನು ಮಾರುವ ಸಂತೆಯಿಂದ ಇನ್ನು 300 ಮಂದಿಯ ಜೀವನ ಸಾಗುತ್ತಿತ್ತೆಂದು ಸಂಸ್ಥೆಯವರ ಅಂದಾಜು. ಸಿರಿವಂತ ದೇಶಗಳವರಿಗೆ ಈ ಅಂಕೆಗಳು ಏನೂ ಅಲ್ಲ. ಆದರೆ ಒಬ್ಬನ ಸಂಬಳದಲ್ಲಿ ಎಂಟು ಹತ್ತು ಬಾಯಿಗಳು ಉಣ್ಣುವ ನಾಡಿನಲ್ಲಿ ಐನೂರು ಮಂದಿಯ ದುಡಿಮೆಯೆಂದರೆ ಒಂದು ದೊಡ್ಡ ಊರಿನ ಒಲೆಗಳೆಲ್ಲ ಉರಿದಂತೆ. ಬೇಲಿಯನ್ನು ಹಳಿಯುವವರು ಇದನ್ನೂ ತೂಗಿ ನೋಡಬೇಕು.

2010ರ ಜನವರಿ 12ರಂದು ಹೈಟಿಯ ರಾಜಧಾನಿಯಾದ ಪೋರ್ಟೋ ಪ್ರಿನ್ಸ್ ಭೂಕಂಪದಿಂದ ಕುಸಿದುಬಿದ್ದು, ಸರಕಾರದ ಲೆಕ್ಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಮೂರೇ ದಿನಗಳಲ್ಲಿ ಇದೇ ಸಂಸ್ಥೆಯ ಹಡಗೊಂದು ಲಾಬಡಿಗೆ ಬಂದು ಪ್ರಯಾಣಿಕರನ್ನು ಇಳಿಸಿತು. ಹೆಣಗಳ ಪಕ್ಕದಲ್ಲಿ ಜಲಕ್ರೀಡೆಯೇ ಎಂದು ಲೋಕದ ಪತ್ರಿಕೆಗಳು ಕೂಗಿದವು. ಪ್ರಯಾಣಿಕರಲ್ಲಿಯೇ ಕೆಲವರಿಗೆ ದಡಕ್ಕೆ ಇಳಿಯಲು ಮನಸ್ಸಾಗಲಿಲ್ಲ. ಆದರೆ ಹೈಟಿಯ ಸರಕಾರವು ಹಡಗು ಬರುವುದಕ್ಕೆ ಒಪ್ಪಿತ್ತು. ಹಡಗು ಅಕ್ಕಿ, ಕಾಳು, ಹಾಲಿನ ಪುಡಿ, ನೀರು ಮುಂತಾದ ಪರಿಹಾರ ಸಾಮಗ್ರಿಯನ್ನು ಹೊತ್ತು ತಂದಿತ್ತು. ಸಂತೆಯ ಹೆಂಗಸನ್ನು ಯಾರಾದರೂ ಕೇಳಿದ್ದರೆ, ಹಡಗು ಬರಲಿ ಎಂದೇ ಅವಳು ಅಂದಿರಬಹುದೆಂದು ನನಗೆ ತೋರುತ್ತದೆ.

ಹೀಗಿರಲು ಆರು ವರ್ಷಗಳ ಮೇಲೆ ದೋಣಿಗಳವರೇಕೆ ಹಡಗನ್ನು ತಡೆದರು? ಹೈಟಿಯವರ ನೆನಪಿನಲ್ಲಿ ಸಮುದ್ರದಿಂದ ಬಂದ ಹಡಗುಗಳ ಕಥೆ ಉದ್ದವಾದುದು. 1492ರ ಕ್ರಿಸ್ಮಸ್ ದಿನ ಕೊಲಂಬಸನ ಸಾಂತಾ ಮರಿಯ ಎಂಬ ಹಡಗು ಇದೇ ಕರಾವಳಿಯಲ್ಲಿ ದಿಬ್ಬಕ್ಕೆ ತಾಗಿ ಮುರಿಯಿತು. ಅದರ ಹಲಗೆಗಳಿಂದಲೇ ಅವನ ಜನ ಇಲ್ಲಿ ಮೊದಲ ಕೋಟೆಯನ್ನು ಕಟ್ಟಿದರು. ಮುಂದೆ ಫ್ರೆಂಚರ ಹಡಗುಗಳು ಆಫ್ರಿಕದಿಂದ ಗುಲಾಮರನ್ನು ತುಂಬಿ ತಂದವು. ಆ ಗುಲಾಮರ ಬೆವರಿನಿಂದ, ಒಂದು ಕಾಲದಲ್ಲಿ ಯೂರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈ ಪುಟ್ಟ ನಾಡಿನಿಂದಲೇ ಹೋಗುತ್ತಿತ್ತು. 1791ರಲ್ಲಿ ಇದೇ ಉತ್ತರ ಸೀಮೆಯ ಗುಲಾಮರು ದಂಗೆಯೆದ್ದರು. 1804ರ ಜನವರಿ 1ರಂದು ಸ್ವತಂತ್ರರಾದರು. ಇಪ್ಪತ್ತೊಂದು ವರ್ಷಗಳ ಮೇಲೆ, 1825ರಲ್ಲಿ, ಫ್ರಾನ್ಸಿನ ಹದಿನಾಲ್ಕು ಯುದ್ಧನೌಕೆಗಳು ರಾಜಧಾನಿಯ ಮುಂದೆ ಬಂದು ನಿಂತು, ಗುಲಾಮರನ್ನೂ ತೋಟಗಳನ್ನೂ ಕಳೆದುಕೊಂಡ ಒಡೆಯರ ಪರವಾಗಿ 15 ಕೋಟಿ ಫ್ರಾಂಕುಗಳನ್ನು ಕೇಳಿದವು. ಬಿಡುಗಡೆಯಾದವನು ತನ್ನ ಬೆಲೆಯನ್ನು ತಾನೇ ತೆರಬೇಕಾಯಿತು! 1838ರಲ್ಲಿ ಆ ಮೊತ್ತವನ್ನು 9 ಕೋಟಿಗೆ ಇಳಿಸಿದರಾದರೂ, ಅದಕ್ಕಾಗಿ ಎತ್ತಿದ ಸಾಲದ ಬಾಲವು ತೀರಿದುದು 1947ರಲ್ಲಿ. ಈ ನಡುವೆ 1915ರಲ್ಲಿ ಅಮೆರಿಕದ ಸೈನಿಕರು ಹಡಗಿನಿಂದಿಳಿದು ಬಂದು ಹತ್ತೊಂಬತ್ತು ವರ್ಷ ನೆಲಸಿದರು.

ಗೃಹಿಣಿಯರಿಗಾಗಿ ಒಂದು ಮಾತು. ಹೈಟಿಯಲ್ಲಿ ಜನವರಿ 1ರಂದು ಮನೆಮನೆಯಲ್ಲೂ ಸೀಗುಂಬಳಕಾಯಿಯ ಸಾರು ಮಾಡುವರು. ಗುಲಾಮಗಿರಿಯ ಕಾಲದಲ್ಲಿ ಅದನ್ನು ಬೇಯಿಸುವುದು ಗುಲಾಮರ ಪಾಲಿಗೆ, ಉಣ್ಣುವುದು ಒಡೆಯರ ಪಾಲಿಗೆ ಇತ್ತೆಂದು ಹೇಳುವರು. ಸ್ವಾತಂತ್ರ್ಯ ಬಂದ ದಿನ ಅದನ್ನು ತಾವೇ ಉಂಡರೆಂಬ ನೆನಪಿಗಾಗಿ ಈ ಸಾರು. ದೋಣಿಗಳು ಹಡಗಿಗೆ ಅಡ್ಡ ಬಂದುದು ಆ ಹಬ್ಬ ಕಳೆದ ಮೂರನೆಯ ವಾರದಲ್ಲಿ.

ಆ ವೇಳೆಗೆ ನಾಡೆಲ್ಲ ಚುನಾವಣೆಯ ಕಿಚ್ಚಿನಲ್ಲಿತ್ತು. 2015ರ ಅಕ್ಟೋಬರ್ 25ರಂದು ಅಧ್ಯಕ್ಷಪದವಿಗೆ ಐವತ್ತಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದ್ದರು. ಅಧಿಕಾರದಲ್ಲಿದ್ದ ಮಿಶೆಲ್ ಮಾರ್ಟೆಲಿಯವರ ಬೆಂಬಲವಿದ್ದ ಬಾಳೆಹಣ್ಣಿನ ವ್ಯಾಪಾರಿ ಜೋವೆನೆಲ್ ಮೊಯೀಸ್ ಮೊದಲನೆಯವರಾಗಿಯೂ, ಜೂಡ್ ಸೆಲೆಸ್ಟಿನ್ ಎರಡನೆಯವರಾಗಿಯೂ ಬಂದರು. ಆದರೆ ಎಣಿಕೆಯ ಮೇಲೆ ಯಾರಿಗೂ ನೆಚ್ಚಿಕೆ ಹುಟ್ಟಲಿಲ್ಲ. ಪಕ್ಷಗಳ ಪರವಾಗಿ ಮತಗಟ್ಟೆಯಲ್ಲಿ ಕುಳಿತು ನೋಡುವವರಿಗೆಂದು ಹಂಚಿದ ಪರವಾನಗಿ ಚೀಟಿಗಳೇ ಒಂಬತ್ತು ಲಕ್ಷಕ್ಕೂ ಮೇಲಾಗಿದ್ದವು. ಆ ಚೀಟಿ ಹಿಡಿದವನು ತನ್ನ ಊರಲ್ಲದ ಕಡೆಯಲ್ಲಿಯೂ ಮತ ಹಾಕಬಹುದಾಗಿತ್ತು. ಚೀಟಿಗಳು ಬಹಿರಂಗವಾಗಿ ಮಾರಾಟವಾದುವೆಂಬ ದೂರು ಎದ್ದಿತು. ಎಲ್ಲ ಸೇರಿ ಬಿದ್ದ ಮತಗಳೇ ಹದಿನೈದು ಲಕ್ಷದ ಸುಮಾರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜನರ ಸಿಟ್ಟು ಅರ್ಥವಾಗುವುದು. ಎರಡನೆಯ ಸುತ್ತು ಡಿಸೆಂಬರಿನಿಂದ ಜನವರಿಗೆ ಹೋಯಿತು. ಕೊನೆಗೆ 24ನೆಯ ತಾರೀಖೆಂದು ಗೊತ್ತಾಯಿತು. ಸೆಲೆಸ್ಟಿನರು ತಾವು ಕಣದಲ್ಲಿ ನಿಲ್ಲುವುದಿಲ್ಲವೆಂದು ಸಾರಿದರು. ಒಬ್ಬನೇ ಓಡುವ ಪಂದ್ಯಕ್ಕೆ ತೀರ್ಪುಗಾರರೇಕೆ?

ರಾಜಧಾನಿಯ ಬೀದಿಗಳಲ್ಲಿ ಟೈರುಗಳು ಉರಿದವು, ಕಲ್ಲುಗಳು ಹಾರಿದವು. ಬಡದೇಶದ ರಾಜಧಾನಿಯಲ್ಲಿ ಉರಿಯುವ ಟೈರಿನ ಹೊಗೆ ಹೊರಗಿನವರ ಕಣ್ಣಿಗೆ ತಾಗುವುದು ಅಪರೂಪ. ಆದರೆ ನಾಲ್ಕು ಸಾವಿರ ಜನ ಅಮೆರಿಕನ್ನರ ಸ್ನಾನವನ್ನು ಕೆಲವು ದೋಣಿಗಳು ತಪ್ಪಿಸಿದ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತು. ದೋಣಿಯವರ ಲೆಕ್ಕಾಚಾರ ಇದೇ ಆಗಿತ್ತೋ ಏನೋ, ನಾನು ಅವರ ಮನಸ್ಸನ್ನು ಬಲ್ಲವನಲ್ಲ. ತಮ್ಮ ಸರಕಾರದ ಬಾಗಿಲು ಮುಚ್ಚಿದ್ದಾಗ, ಸರಕಾರಕ್ಕೆ ಹಣ ಬರುವ ಬಾಗಿಲಿನಲ್ಲಿ ಅವರು ಹೋಗಿ ಕುಳಿತರೆಂಬುದು ಮಾತ್ರ ಸ್ಪಷ್ಟ. ಜನವರಿ 22ರಂದು, ಮತದಾನಕ್ಕೆ ಎರಡೇ ದಿನ ಉಳಿದಿರುವಾಗ, ಚುನಾವಣೆಯನ್ನು ಮುಂದೂಡಿದರು. ದೋಣಿಗಳಿಂದಲೇ ಅದು ಆಯಿತೆಂದು ಹೇಳುವುದು ಉತ್ಪ್ರೇಕ್ಷೆ. ನಾಡಿನ ಹಲವು ಕಡೆ ಎದ್ದ ಗದ್ದಲದಲ್ಲಿ ಅದೂ ಒಂದು. ಫೆಬ್ರವರಿ 7ರಂದು ಮಾರ್ಟೆಲಿಯವರು ಅಧಿಕಾರ ಬಿಟ್ಟರು. ಜೂನಿನಲ್ಲಿ ಹಳೆಯ ಫಲಿತಾಂಶವನ್ನೇ ತಳ್ಳಿಹಾಕಿ ಹೊಸದಾಗಿ ಚುನಾವಣೆಯಾಗಬೇಕೆಂದು ತೀರ್ಮಾನವಾಯಿತು. ಎಂದರೆ ಪ್ರತಿಭಟನಕಾರರ ದೂರಿನಲ್ಲಿ ಹುರುಳಿತ್ತು.

ಆದರೆ ಸಂತೆಯವರ ಗತಿ? ಹಡಗು ಬರುವ ದಿನಕ್ಕೆಂದು ತಂದು ಜೋಡಿಸಿದ ಚಿತ್ರಗಳೂ ಕೆತ್ತನೆಯ ಬೊಂಬೆಗಳೂ ಹಡಗು ಹಿಂತಿರುಗಿದರೆ ಸಂಜೆ ಮತ್ತೆ ಗಂಟಾಗಬೇಕು. ಹಡಗಿನ ಸಂಸ್ಥೆಯು ಪ್ರಯಾಣಿಕರನ್ನು ಬೇರೊಂದು ರೇವಿಗೆ ಒಯ್ಯಬಲ್ಲದು. ಆ ಸಮುದ್ರದಲ್ಲಿ ರೇವುಗಳಿಗೆ ಬರವಿಲ್ಲ. ಸಂತೆಯವಳಿಗೆ ಬೇರೊಂದು ಹಡಗಿಲ್ಲ. ದೋಣಿಯವನ ಮತವೂ ಅವಳ ಮತವೂ ಒಂದೇ ಪೆಟ್ಟಿಗೆಯಲ್ಲಿ ಕಳವಾದುದಾಗಿರಬಹುದು. ಅದನ್ನು ಹಿಂದಕ್ಕೆ ಪಡೆಯುವ ಹೋರಾಟದ ಖರ್ಚು ಮಾತ್ರ ಅವಳ ಆ ದಿನದ ಅಕ್ಕಿಯಿಂದ ಸಂದಿತು. ಅವರಲ್ಲಿ ಯಾರನ್ನು ತಪ್ಪಿತಸ್ಥರೆನ್ನುವುದು? ಈ ಲೇಖನವನ್ನು ಬರೆಯಲು ಕುಳಿತಾಗ ದೋಣಿಯವರ ಕಡೆಗೆ ನನ್ನ ಒಲವಿತ್ತು. ಬರೆಯುತ್ತ ಬರೆಯುತ್ತ ಅದು ಸಂತೆಯವಳ ಕಡೆಗೂ ಹೊರಳಿ, ಈಗ ನಡುವೆ ನಿಂತಿದೆ.

ಮುಂದಿನ ಕಥೆ ಸುಖದ್ದಲ್ಲ. 2016ರ ನವೆಂಬರಿನ ಹೊಸ ಚುನಾವಣೆಯಲ್ಲಿ ಗೆದ್ದವರು ಅದೇ ಮೊಯೀಸರು. 2018ರಲ್ಲಿ ಇಂಧನದ ಬೆಲೆಯೇರಿಕೆಯಿಂದಲೂ, ಆಮೇಲೆ ಸರಕಾರದ ಹಣ ಪೋಲಾದ ಆರೋಪದಿಂದಲೂ ಜನ ಮತ್ತೆ ಮತ್ತೆ ಬೀದಿಗಿಳಿದರು. 2019ರ ಗಲಭೆಗಳ ಕಾಲದಲ್ಲಿ ಲಾಬಡಿಗೆ ಬರಬೇಕಾಗಿದ್ದ ಹಡಗುಗಳು ಕೆಲವು ಕಾಲ ಬರಲಿಲ್ಲ. 2021ರ ಜುಲೈ 7ರ ರಾತ್ರಿ ಅಧ್ಯಕ್ಷ ಮೊಯೀಸರನ್ನು ಅವರ ಮನೆಯಲ್ಲಿಯೇ ಕೊಂದರು. ಆ ಬಳಿಕ ರಾಜಧಾನಿಯ ಬಹುಭಾಗವು ಬಂದೂಕಿನ ತಂಡಗಳ ಕೈಗೆ ಬಿದ್ದಿತು. 2024ರ ಮಾರ್ಚಿಯಲ್ಲಿ ನೌಕಾಸಂಸ್ಥೆಯು ಲಾಬಡಿಯ ಯಾತ್ರೆಯನ್ನು ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿ, 2025ರಲ್ಲಿ ಪುನಃ ನಿಲ್ಲಿಸಿತು. ತಂಡಗಳ ಹಾವಳಿಯೆಲ್ಲ ಬಹುತೇಕ ರಾಜಧಾನಿಯ ಕಡೆಗೆ. ಉತ್ತರದ ಈ ಕರಾವಳಿ ಅದಕ್ಕೆ ಹೋಲಿಸಿದರೆ ಶಾಂತವಾಗಿಯೇ ಇತ್ತು. ಈ ಸಾರಿ ಕೊಲ್ಲಿಯಲ್ಲಿ ಒಂದು ದೋಣಿಯೂ ಹಡಗಿಗೆ ಅಡ್ಡ ಬಂದಿರಲಿಲ್ಲ.