ನಿದ್ದೆಗೆಟ್ಟ ಜಟ್ಟಿ

ಘಟಪ್ರಭೆಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ಕುಸ್ತಿಯ ನೆನಪೂ ಕೂಡಿಯೇ ಬರುತ್ತದೆ. ಗರಡಿಯ ಕೆಮ್ಮಣ್ಣು, ಹಾಲು, ಬಾದಾಮಿ, ನೂರಾರು ಬೈಠಕು: ಜಟ್ಟಿಯ ಬಲವನ್ನು ಕುರಿತ ಮಾತೆಲ್ಲ ಇವನ್ನೇ ಸುತ್ತುವುದು. ಅವನ ನಿದ್ರೆಯ ಮಾತನ್ನು ಎತ್ತುವವರು ವಿರಳ. ಆದರೆ ಈ ಜಟ್ಟಿ ಬಹುಮಟ್ಟಿಗೆ ರೈತನ ಮಗ. ಪಂಪಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದರೆ ಕಬ್ಬಿಗೆ ನೀರು ಹಾಯಿಸುವವನೂ ಅವನೇ. ಕೋಳಿ ಕೂಗುವ ಮುನ್ನ ಗರಡಿಗೆ ಇಳಿಯಬೇಕಾದವನೂ ಅವನೇ. ಕೆಟ್ಟ ನಿದ್ದೆಯು ಅವನ ತೋಳಿನಿಂದ ಎಷ್ಟನ್ನು ಕಸಿಯುತ್ತದೆ?

ಉತ್ತರವು ವಾಚಕರು ಎಣಿಸಿದಂತಿಲ್ಲ. ಇಂಗ್ಲೆಂಡಿನ ರೈಲಿ ಮತ್ತು ಪಿಯರ್ಸಿ ಎಂಬವರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. 8 ಮಂದಿ ಗಂಡಸರನ್ನು ಸತತವಾಗಿ 3 ರಾತ್ರಿ, ದಿನಕ್ಕೆ 3 ಗಂಟೆ ಮಾತ್ರ ಮಲಗಗೊಟ್ಟು, ಭಾರ ಎತ್ತಿಸಿ ನೋಡಿದರು. ತೋಳು ಮಡಿಸಿ ಎತ್ತುವಲ್ಲಿ ಪರಮಾವಧಿ ಬಲವು ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಮತ್ತೆ ಮತ್ತೆ ಎತ್ತಬೇಕಾದ ಸಾಧಾರಣ ಭಾರದಲ್ಲಿಯೇ ಸೋಲು ಹೆಚ್ಚಾಗಿ ಕಂಡಿತು.

ಹಾಗಾದರೆ ದಣಿದದ್ದು ಸ್ನಾಯುವಷ್ಟೇ ಅಲ್ಲ, ಅದನ್ನು ದುಡಿಸುವ ಮಿದುಳು. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಕೂಡುತ್ತ ಹೋಗುತ್ತದೆ, ನಿದ್ರೆಯಲ್ಲಿ ಕರಗುತ್ತದೆ. ಅದು ಮಿತಿಮೀರಿದಾಗ ಅದೇ ಕೆಲಸವು ಹೆಚ್ಚು ಭಾರವಾಗಿ ತೋರುವುದು, ಪ್ರತಿಕ್ರಿಯೆಯು ನಿಧಾನವಾಗುವುದು. ಕಣ್ಣು ತೆರೆದಿದ್ದಂತೆಯೇ ಮಿದುಳು ಕ್ಷಣಕಾಲ ಜೋಂಪು ಹಿಡಿಯುವುದೂ ಉಂಟು. ಎದುರಾಳಿ ಕಾಲಿಗೆ ಕೈ ಹಾಕಲು ಆ ಕ್ಷಣವೇ ಸಾಕಷ್ಟೆ! ಚಹಾದಲ್ಲಿನ ಕೆಫೀನು ಅಡಿನೋಸಿನ್ನಿಗೆ ಮೀಸಲಾದ ಜಾಗವನ್ನು ತಾನು ಆಕ್ರಮಿಸಿ ಅದರ ಕೂಗು ಕೇಳದಂತೆ ಮಾಡುತ್ತದೆ. ಸಾಲವು ಮರೆಯಾಗುವುದೇ ಹೊರತು ತೀರುವುದಿಲ್ಲ.

ಸ್ನಾಯುವಿಗೂ ನಷ್ಟವಿದೆ, ಆದರೆ ಅದು ಕಣದಲ್ಲಿ ಕಾಣುವಂಥದಲ್ಲ. ಗಾಢನಿದ್ರೆಯ ಮೊದಲ ಹಂತಗಳಲ್ಲಿ ಬೆಳವಣಿಗೆಯ ಹಾರ್ಮೋನು ವಿಶೇಷವಾಗಿ ಸ್ರವಿಸುವುದೆಂದು 1968ರಲ್ಲೇ ತಿಳಿದಿತ್ತು. ಒಂದೇ ರಾತ್ರಿಯ ಪೂರ್ಣ ಜಾಗರಣೆಯಿಂದ ಸ್ನಾಯುವಿನ ಪ್ರೋಟೀನು ನಿರ್ಮಾಣವು ಶೇಕಡಾ 18ರಷ್ಟು ತಗ್ಗಿತೆಂದು 2021ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡರು. ಹಾಲು ಬಾದಾಮಿಗಳಿಗೆ ಹಣ ಸುರಿದ ಮನೆಯವರು ಈ ಅಂಕಿಯನ್ನು ಗಮನಿಸತಕ್ಕದ್ದು.

ನಿದ್ರೆ ಹೆಚ್ಚಿದರೆ ಆಟವೂ ಹೆಚ್ಚೀತೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 11 ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ 5ರಿಂದ 7 ವಾರ ರಾತ್ರಿ 10 ಗಂಟೆ ಹಾಸಿಗೆಯಲ್ಲಿರಲು ವಿಧಿಸಿದರು. 16.2 ಸೆಕೆಂಡಿನ ಓಟವು 15.5ಕ್ಕೆ ಇಳಿಯಿತು, ಗುರಿಯೂ ಸುಧಾರಿಸಿತು. 2011ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹೋಲಿಕೆಗೆ ಬೇರೊಂದು ತಂಡವಿರಲಿಲ್ಲವಾದುದರಿಂದ ಅದನ್ನು ತುಸು ಎಚ್ಚರದಿಂದಲೇ ಒಪ್ಪಬೇಕು.

ಪಂದ್ಯದ ಹಿಂದಿನ ರಾತ್ರಿ ತಳಮಳದಿಂದ ನಿದ್ದೆ ಬಾರದಿದ್ದರೆ ಹೆದರಬೇಕಾದುದಿಲ್ಲ. ಅದಕ್ಕೂ ಹಿಂದಿನ ವಾರದ ನಿದ್ದೆಯೇ ಮುಖ್ಯ. ಆ ವಾರ ನೀರಿನ ಪಾಳಿಯನ್ನು ಅಣ್ಣತಮ್ಮಂದಿರು ವಹಿಸಿಕೊಂಡರೆ ಒಳ್ಳೆಯದು. ಅದೂ ಆಗದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಒರಗಬಹುದು. ಎದ್ದೊಡನೆ ಮಾತ್ರ ಕಣಕ್ಕಿಳಿಯದೆ, ಜಡ ಇಳಿಯುವವರೆಗೆ ಮತ್ತರ್ಧ ಗಂಟೆ ಕಾಯಬೇಕು.