ತಮ್ಸುಯಿ ಪಾದ್ರಿಯ ದಿನಚರಿ

ಕೆನಡಾದ ಪ್ರೆಸ್ಬಿಟೀರಿಯನ್ ಪಾದ್ರಿ ಜಾರ್ಜ್ ಲೆಸ್ಲಿ ಮೆಕೇ 1872ರಲ್ಲಿ ತೈವಾನಿನ ತಮ್ಸುಯಿ ಬಂದರಿನಲ್ಲಿ ನೆಲೆಸಿ, ಎಮ್ಮೆ ಕಾಯುವ ಹುಡುಗರಿಂದ ಆಡುಮಾತನ್ನು ಕಲಿತರು. ಊರೂರು ಸುತ್ತುವಾಗ ಅವರ ಕ್ರಮವಿಷ್ಟೆ: ಶಿಷ್ಯರೊಡನೆ ಗುಡಿಯ ಮೆಟ್ಟಿಲ ಮೇಲೋ ಬಯಲಿನಲ್ಲೋ ನಿಂತು ಒಂದೆರಡು ಸ್ತೋತ್ರಗೀತೆ ಹಾಡುವುದು, ಬಂದವರ ಹಲ್ಲು ಕೀಳುವುದು, ಅನಂತರ ಉಪದೇಶ. ಇವುಗಳಲ್ಲಿ ನಡುವಣ ಕಾರ್ಯವೇ ಮುಖ್ಯವೆಂದು ನನಗೆ ತೋರುತ್ತದೆ. ಹಲ್ಲುನೋವಿಗೆ ಮಲೇರಿಯಾದೊಡನೆ ಅಡಕೆಯೂ ಕಾರಣವೆಂಬುದು ಅವರ ಮತ. ನಮ್ಮ ಮಲೆನಾಡಿಗರಿಗೆ ಇದು ರುಚಿಸಲಾರದು. 1873ರಿಂದ 21,000ಕ್ಕೂ ಮಿಕ್ಕಿ ಹಲ್ಲು ಕಿತ್ತುದಾಗಿ 1896ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಬರೆದಿದ್ದಾರೆ. ಕಿತ್ತ ಹಲ್ಲನ್ನು ರೋಗಿಯ ಅಂಗೈಯಲ್ಲಿಯೇ ಇಡುತ್ತಿದ್ದರು. ತಾವಿಟ್ಟುಕೊಂಡರೆ ಪರದೇಶೀಯನ ಮೇಲೆ ಸಂಶಯ ಹುಟ್ಟೀತೆಂಬ ಎಚ್ಚರ. ಈ ಎಚ್ಚರ ಅತಿಯಾದುದಲ್ಲ. 1884ರಲ್ಲಿ ಫ್ರೆಂಚರು ದ್ವೀಪದ ಮೇಲೆ ಏರಿಬಂದಾಗ, ಪರದೇಶೀಯರ ಮೇಲಣ ಜನರೋಷಕ್ಕೆ ಮೆಕೇಯವರ ಹಲವು ಪ್ರಾರ್ಥನಾಮಂದಿರಗಳು ನೆಲಸಮವಾದುವು.